ಗಿರಿಜತ್ತೆ ಕಟ್ಟಿದ ಪದಬಂಧ

ಭಾನುವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಒಲೆಯ ಎದುರಿನ ಕೆಂಪು ನೆಲದ ಮೇಲೆ ಗಿರಿಜತ್ತೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಹನ್ನೊಂದು, ಅಡ್ಡಕ್ಕೆ ಹನ್ನೊಂದು ಮನೆ ಎಳೆದು, ಕಪ್ಪಾಗಬೇಕಾದ ಮನೆಗಳಲ್ಲಿ ಒಂದೊಂದು ಹುಣಸೆಬೀಜ ಇಟ್ಟಿರುತ್ತಿದ್ದಳು. ಉಳಿದ ಮನೆಗಳಲ್ಲಿ ಅಕ್ಷರಗಳು. ಒಂದು ಪದ ಕೂರದಿದ್ದರೆ ಸೆರಗಿನ ತುದಿಯಿಂದ ಒರೆಸಿ, ಬೀಜ ಸರಿಸಿ, ಮತ್ತೆ ಬರೆಯುವುದು. ನಡುನಡುವೆ ಅನ್ನದ ಗಂಜಿ ಬಸಿಯುವುದೂ ನಡೆಯುತ್ತಿತ್ತು. ಅಜ್ಜಿ ನೀರಿನ ಕೊಡ ಹಿಡಿದು ಒಳಗೆ ಬಂದವಳು ಒಂದು ಕಾಲು ಎತ್ತಿ, ಇಡುವುದೆಲ್ಲಿ ಎಂದು ತಿಳಿಯದೆ ನಿಂತು ಬೈಯುತ್ತಿದ್ದಳು. ನನಗೆ ಆ ಕೋಣೆ, ಆ ಬೈಗುಳ, ಅನ್ನದ ಹಬೆ, ಅತ್ತೆಯ ಕೈಗಂಟಿದ ಸುಣ್ಣ, ಇವೆಲ್ಲ ಸೇರಿಯೇ ಭಾನುವಾರ. ಅತ್ತೆ ಸುಳಿವು ಹೇಳುವಳು, ನಾನು ಬಿಡಿಸಬೇಕು. ನಾನು ಬಿಡಿಸಲಾರದ್ದು ತೀರ ಕಷ್ಟದ್ದು, ಥಟ್ಟನೆ ಬಿಡಿಸಿದ್ದು ತೀರ ಸಸಾರದ್ದು. ಎರಡೂ ಕಸದ ಬುಟ್ಟಿಗೆ.

"ಹೊಳಿ ಹಿಂದ್ಕೆ ಹರ್ದ್ರೆ ಇಪ್ಪತ್ನಾಕ್ ಗಂಟಿ. ಎರಡ್ ಮನಿ. ಹೇಳ್ ಕಾಂಬ."

"ಹೊಳಿ ಅಂದ್ರೆ ನದಿ... ಹಿಂದ್ಕೆ... ದಿನ!"

"ಬದ್ಕಂಡೆ ನೀನ್."

ಅತ್ತೆಯ ಪದಬಂಧಗಳ ವಿಶೇಷ ಏನೆಂದರೆ ಪ್ರತಿಯೊಂದಕ್ಕೂ ಒಂದೇ ವಿಷಯ ಇರುತ್ತಿತ್ತು. ಒಮ್ಮೆ ಮೀನುಪೇಟೆ, ಒಮ್ಮೆ ಬಸ್ಸು, ಒಮ್ಮೆ ಜ್ವರ. ವಿಷಯ ಯಾವುದೆಂದು ಎಲ್ಲಿಯೂ ಬರೆದಿರುತ್ತಿರಲಿಲ್ಲ. ಅರ್ಧ ಬಿಡಿಸಿದ ಮೇಲೆ ತಾನಾಗಿ ತಲೆಗೆ ಹೊಳೆಯಬೇಕು. ನೆಲದ ಮೇಲೆ ಎಲ್ಲ ಸರಿ ಕೂತ ಮೇಲೆ ನಾನು ಅದನ್ನು ನೋಟ್ ಪುಸ್ತಕದ ಹಾಳೆಗೆ ಇಳಿಸುತ್ತಿದ್ದೆ. ಮಧ್ಯಾಹ್ನ ಅಪ್ಪಯ್ಯ ಆ ಹಾಳೆ ನೋಡಿ ಬಿಳಿ ಕಾಗದದಲ್ಲಿ ಚಂದದ ಪ್ರತಿ ಮಾಡುತ್ತಿದ್ದರು. ಕುಂದಾಪುರದ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ ಅವರದ್ದು. ಅಕ್ಷರ ಅಚ್ಚು ಹಾಕಿದ ಹಾಗೆಯೇ ಇರುತ್ತಿತ್ತು. ಸೋಮವಾರ ಅದು ಲಕೋಟೆ ಸೇರಿ ವಾರಪತ್ರಿಕೆಗೆ ಹೋಗುವುದು, ಹದಿನೈದು ದಿನ ಕಳೆದು ಅಚ್ಚಾಗಿ ಬರುವುದು. ಪದಬಂಧದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಹೆಸರು: ಕೆ. ಭಾಸ್ಕರ, ಕೋಟೇಶ್ವರ. ಅದು ಅಪ್ಪಯ್ಯನ ಹೆಸರು.

ಯಾಕೆ ಹಾಗೆ ಎಂದು ನಾನು ಕೇಳಿದ್ದು ಒಂದೇ ಸಲ. ಉತ್ತರ ಕೊಟ್ಟವಳು ಅಜ್ಜಿ. ಅಪ್ಪಯ್ಯನ ತಂಗಿಯಾದ ಗಿರಿಜತ್ತೆಯನ್ನು ಬೈಂದೂರಿಗೆ ಮದುವೆ ಮಾಡಿ ಕೊಟ್ಟಿದ್ದರು. ವರ್ಷ ತುಂಬುವ ಮೊದಲೇ ಒಂದು ಟ್ರಂಕು ಹಿಡಿದುಕೊಂಡು ಬಸ್ಸಿಳಿದು ಬಂದಳಂತೆ. ಯಾಕೆ ಬಂದಳು ಎಂಬುದನ್ನು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

"ಇವ್ಳ್ ಹೆಸ್ರ್ ಪೇಪರಂಗ್ ಬಂದ್ರೆ ಬೈಂದೂರಿನವ್ರ್ ಎಂತ ಹೇಳುಕಿಲ್ಲ? ಗಂಡನ ಮನಿ ಬಿಟ್ಟ್ ಬಂದ್ ಇಲ್ಲ್ ಮೆರಿತಾ ಇದ್ಲ್ ಅಂತ್ರ್. ಭಾಸ್ಕರನ್ ಹೆಸ್ರ್ ಇರ್ಲಿ, ಯಾರಿಗ್ ಎಂತ ನಷ್ಟ?"

ಯಾರಿಗೂ ನಷ್ಟವಿರಲಿಲ್ಲ, ಅಪ್ಪಯ್ಯನಿಗಂತೂ ಲಾಭವೇ. ಪ್ರೆಸ್ಸಿನಲ್ಲಿ ಅವರನ್ನು ಪದಬಂಧದ ಭಾಸ್ಕರಣ್ಣ ಎಂದು ಕರೆಯುತ್ತಿದ್ದರು. ಹಾಲಾಡಿ ಕಡೆಯ ಒಂದು ಯುವಕ ಸಂಘದವರು ವಾರ್ಷಿಕೋತ್ಸವಕ್ಕೆ ಕರೆದು ಶಾಲು ಹೊದೆಸಿದ್ದರು. ಆ ಶಾಲನ್ನು ಮನೆಗೆ ತಂದ ದಿನ ಅಪ್ಪಯ್ಯ ಅದನ್ನು ಸೀದಾ ಒಯ್ದು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಮಡಿಸಿ ಅವರ ಕಪಾಟಿನಲ್ಲೇ ಇಟ್ಟಳು. ಕೆಟ್ಟವರಲ್ಲ ಅಪ್ಪಯ್ಯ. ಒಳ್ಳೆಯವರೇ. ಆದರೆ ಹೊಗಳಿಕೆಯ ರುಚಿ ಹತ್ತಿದ ಒಳ್ಳೆಯವರು, ಅಷ್ಟೇ.

ನನಗೆ ಹತ್ತು ವರ್ಷವಾಗಿದ್ದಾಗ, ಅಮ್ಮ ಬಾಣಂತನಕ್ಕೆ ಬ್ರಹ್ಮಾವರದ ತವರಿಗೆ ಹೋಗಿದ್ದ ಸಮಯದಲ್ಲಿ, ಆ ಕಾಗದ ಬಂತು. ಬರೆದವರು ವಾರಪತ್ರಿಕೆಯ ಪದಬಂಧದ ಪುಟ ನೋಡಿಕೊಳ್ಳುತ್ತಿದ್ದ ನಿವೃತ್ತ ಮಾಷ್ಟ್ರು. ಅವರದ್ದೂ ಬ್ರಹ್ಮಾವರವೇ. ಪತ್ರಿಕೆಗೆ ಇನ್ನು ಮುಂದೆ ಪ್ರತಿ ವಾರ ಪದಬಂಧ ಕಟ್ಟಿಕೊಡಲು ಕಾಯಂ ಆಗಿ ಒಬ್ಬರು ಬೇಕು, ತಿಂಗಳಿಗಿಷ್ಟು ಎಂದು ಸಂಬಳ ಕೊಡುತ್ತಾರೆ, ನಿಮ್ಮ ಹೆಸರು ಮನಸ್ಸಿನಲ್ಲಿದೆ, ಬರುವ ಭಾನುವಾರ ನಿಮ್ಮಲ್ಲಿಗೆ ಬರುತ್ತೇನೆ ಎಂದು ಬರೆದಿದ್ದರು. ಕೊನೆಗೊಂದು ಸಾಲು ಇತ್ತು: ನಾನು ಕಟ್ಟಿದ ಒಂದೇ ವಿಷಯದ ಪದಬಂಧವೊಂದನ್ನು ತರುತ್ತೇನೆ, ನೀವು ನನ್ನೆದುರೇ ಬಿಡಿಸಿದರೆ ನಿಮ್ಮ ತಲೆ ಓಡುವ ರೀತಿ ನೋಡಿದ ಹಾಗಾಗುತ್ತದೆ. ಈ ಸಾಲನ್ನು ಅಪ್ಪಯ್ಯ ಎರಡು ಸಲ ಓದಿದರು. ಎರಡನೆಯ ಸಲ ಮನಸ್ಸಿನಲ್ಲೇ.

ಗಿರಿಜತ್ತೆ ಬಾಗಿಲಿನಲ್ಲಿ ನಿಂತು ಕೇಳುತ್ತಿದ್ದಳು. ಅವಳು ಅಣ್ಣನ ಹತ್ತಿರ ಏನನ್ನಾದರೂ ಬೇಕೆಂದು ಕೇಳಿದ್ದನ್ನು ನಾನು ಅದುವರೆಗೆ ಕಂಡದ್ದಿಲ್ಲ. ಸೀರೆ ಬೇಕಾದರೂ ಅಮ್ಮನ ಮೂಲಕವೇ.

"ಅಣ್ಣಯ್ಯ, ಈ ಸರ್ತಿ ನಾನೇ ಮಾಡೂದ್ ಅಂದೇಳಿ ಹೇಳುವಾ ಅವ್ರ್ ಹತ್ರ. ಆ ಕೆಲ್ಸ ನಂಗ್ ಸಿಕ್ರೆ... ನಂಗೂ ಒಂದ್ ದಾರಿ ಆತ್ತ್."

ಅಪ್ಪಯ್ಯ ಕಾಗದ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಕಾಂಬ. ಸಮಯ ಕಂಡ್ಕಂಡ್ ಹೇಳ್ತೆ. ಬಂದ್ ಕೂಡ್ಲೇ ಹೇಳುಕಾತ್ತಾ? ಅಷ್ಟರೊರೆಗೆ ಅವ್ರ್ ತಂದದ್ದನ್ನ್ ಹ್ಯಾಂಗಾರೂ ಬಿಡ್ಸ್ಕ್ ಅಲ್ದಾ?"

ಆ ಹ್ಯಾಂಗಾರೂ ಎಂಬುದಕ್ಕೆ ದಾರಿ ಹುಡುಕಿದವಳು ಅಜ್ಜಿ. ಅವಳ ಎಲೆಯಡಿಕೆಯ ಹರಿವಾಣ ಇತ್ತಲ್ಲ, ಅದೇ ಉಪಾಯ. ನಾನು ಅಪ್ಪಯ್ಯನ ಬೆನ್ನ ಹಿಂದೆ ನಿಂತು ಸುಳಿವು ಓದಿ ಬಾಯಿಪಾಠ ಮಾಡಿಕೊಳ್ಳಬೇಕು. ಅಪ್ಪಯ್ಯ ಕೆಮ್ಮಿ ಎಲೆ ತಾ ಎನ್ನಬೇಕು. ನಾನು ಒಳಗೆ ಹೋಗಿ ಅತ್ತೆಗೆ ಸುಳಿವು ಹೇಳಬೇಕು. ಅತ್ತೆ ಬಳೆಗೆ ಸಿಕ್ಕಿಸಿಕೊಂಡ ಪಿನ್ನಿನಿಂದ ವೀಳ್ಯದೆಲೆಯ ಹಿಂಬದಿಗೆ ಉತ್ತರ ಗೀಚಿ ಕೊಡುವಳು. ಅಪ್ಪಯ್ಯ ಓದಿಕೊಂಡು ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡರೆ ಮುಗಿಯಿತು, ಸಾಕ್ಷಿಯೇ ಇಲ್ಲ. ಅಪ್ಪಯ್ಯ ಜನ್ಮದಲ್ಲಿ ಎಲೆ ತಿಂದವರಲ್ಲ.

"ಒಂದಿನ ತಿಂದ್ರೆ ಸಾಯ್ತ್ಯಾ ನೀನ್? ಮರ್ಯಾದಿ ದೊಡ್ಡದಾ, ಬಾಯ್ ದೊಡ್ಡದಾ?"

ಈ ಉಪಾಯದಲ್ಲಿ ಕಾಲು ಇದ್ದದ್ದು ನನ್ನೊಬ್ಬಳಿಗೆ. ಆ ವಾರವಿಡೀ ನನಗೆ ಊಟ ಸೇರಲಿಲ್ಲ. ಸುಳಿವು ಅರ್ಧ ದಾರಿಯಲ್ಲಿ ಮರೆತು ಹೋದರೆ? ನಾಲ್ಕು ಮನೆಯದ್ದಕ್ಕೆ ಮೂರು ಎಂದು ಹೇಳಿಬಿಟ್ಟರೆ? ನಡೆಯುವಾಗ ಎಡವಿ ಎಲೆಯೆಲ್ಲ ಮಗುಚಿ ಬಿದ್ದರೆ? ಶನಿವಾರ ಸಂಜೆ ಅಜ್ಜಿ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದು, ಯಾರು ಏನು ಕೇಳಿದರೂ ಅಪ್ಪಯ್ಯನ ಹೆಸರೇ ಹೇಳಬೇಕು ಎಂದು ಆಣೆ ಹಾಕಿಸಿಕೊಂಡಳು. ಆಮೇಲೆ ಅವಳು ಹೇಳಿದ ಮಾತು ನನಗೆ ಆಣೆಗಿಂತ ಗಟ್ಟಿಯಾಗಿ ಹಿಡಿಯಿತು.

"ಸಂಬ್ಳ ಬಂದ್ರೆ ಅವ್ಳ್ ಇಲ್ಲ್ ಎಂತಕ್ಕ್ ನಿಂತ್ಕಂತ್ಲ್? ಬ್ರಹ್ಮಾವರಂಗೊ ಕುಂದಾಪ್ರಂಗೊ ಒಂದ್ ಕೋಣಿ ಮಾಡ್ಕಂಡ್ ಹೋಪ್ಳ್. ನಿಂಗ್ ಯಾರ್ ಜಡಿ ಹಾಕ್ತ್ರ್ ಆಗ?"

ಅದೇ ಸಂಜೆ ಗಿರಿಜತ್ತೆ ನನಗೆ ಜಡೆ ಹಾಕುತ್ತ ಹೇಳಿದ್ದು ಬೇರೆ.

"ಅವ್ರ್ ನಿನ್ನ ಹತ್ರ ಎಂತಾರೂ ಕೇಂಡ್ರೆ ಇದ್ದದ್ದ್ ಹೇಳ್ ಹೆಣೆ. ಸುಳ್ಳ್ ಹೇಳ್ಬ್ಯಾಡ."

ನಾನು ಇಬ್ಬರಿಗೂ ಹೂಂ ಎಂದಿದ್ದೆ.

ಭಾನುವಾರ ಹತ್ತು ಗಂಟೆಗೆ ಮಾಷ್ಟ್ರು ಹೈವೇಯಲ್ಲಿ ಬಸ್ಸಿಳಿದು ಕೊಡೆ ಹಿಡಿದು ನಡೆದು ಬಂದರು. ತೆಳ್ಳಗಿನ ಮನುಷ್ಯ, ದಪ್ಪ ಕನ್ನಡಕ, ಕಂಕುಳಲ್ಲೊಂದು ಚೀಲ. ಬೆಲ್ಲ ನೀರು ಕೊಟ್ಟದ್ದಾಯಿತು, ಬಾಣಂತಿಯ ವಿಚಾರ ಕೇಳಿದ್ದಾಯಿತು. ಚೀಲದಿಂದ ಅವರು ಹಾಳೆ ತೆಗೆದು ಚಾಪೆಯ ಮೇಲೆ ಹರಡಿದಾಗ ನಾನು ಅಪ್ಪಯ್ಯನ ಬೆನ್ನ ಹಿಂದೆ ಹೋಗಿ ನಿಂತೆ. ಒಳಗೆ ಅತ್ತೆ ಬಸಳೆ ಗಸಿಗೆ ಮಸಾಲೆ ಹುರಿಯುತ್ತಿದ್ದಳು. ಅವತ್ತು ಅವಳು ಮದುವೆಮನೆಗೆ ಉಡುವ ನೀಲಿ ಸೀರೆ ಉಟ್ಟು, ಕನ್ನಡಕವನ್ನು ಚೆನ್ನಾಗಿ ಒರೆಸಿ ಹಾಕಿಕೊಂಡಿದ್ದಳು. ಅಡುಗೆ ಮಾಡಲು ಯಾರಾದರೂ ಅಂಥ ಸೀರೆ ಉಡುತ್ತಾರೆಯೇ ಎಂದು ಅಜ್ಜಿ ಮುಖ ತಿರುಗಿಸಿದ್ದಳು.

ಮೊದಲನೆಯದು "ಕಾಗದ ಗಿಡ್ಡವಾಗಿ ಬೆಂಕಿ ಹಿಡಿಯಿತು", ಎರಡು ಮನೆ. ಅಪ್ಪಯ್ಯ ಅದನ್ನು ತಾವೇ ಬಿಡಿಸಿಬಿಟ್ಟರು! ಮೊಳೆ ಜೋಡಿಸುವವರಲ್ಲವೇ, ಓಲೆಯ ದೀರ್ಘ ತೆಗೆದು ಒಲೆ ಮಾಡುವುದು ಅವರಿಗೆ ದಿನದ ಕೆಲಸ. ಬರೆದು ಮುಗಿಸಿ ನನ್ನ ಕಡೆ ತಿರುಗಿ ನೋಡಿದರು. ಆ ಖುಷಿಯನ್ನು ನಾನು ಮರೆಯಲಾರೆ. ಶಾಲು ಹೊದ್ದ ದಿನವೂ ಅವರ ಮುಖ ಹಾಗೆ ಅರಳಿರಲಿಲ್ಲ. ಆದರೆ ಎರಡನೆಯದಕ್ಕೇ ಪೆನ್ನು ನಿಂತಿತು. "ಕೊರಳಿನ ತಲೆ ಬದಲಿಸಿ ಕಾಯಿ ಕಡೆಯಿರಿ", ಮೂರು. ಅಪ್ಪಯ್ಯ ಕೆಮ್ಮಿದರು.

"ಹೆಣೆ, ಎಲಿ ತಕಂಡ್ ಬಾ."

ನಾನು ಓಡಲೂ ಆಗದೆ ನಡೆಯಲೂ ಆಗದೆ ಒಳಗೆ ಹೋದೆ. ಸುಳಿವನ್ನು ನಾನು ಹೇಳಿ ಮುಗಿಸುವುದರೊಳಗೆ ಅತ್ತೆ ಎಲೆಯ ಮೇಲೆ ಗೀಚಿ ಆಗಿತ್ತು: ಒರಳು. ಅಪ್ಪಯ್ಯ ಎಲೆ ಮಗುಚಿ ನೋಡಿದರು, ಬರೆದರು, ಅಡಿಕೆ ಸಮೇತ ಬಾಯಿಗೆ ತುರುಕಿದರು. ಮುಂದಿನದು "ಕಣದ ಜೊತೆ ಜನದ ತಲೆ ಸೇರಿದರೆ ಅಕ್ಕಿಗೆ ಮನೆ". ಮತ್ತೆ ಕೆಮ್ಮು, ಮತ್ತೆ ಎಲೆ: ಕಣಜ. ಹೀಗೆ ಐದು ಎಲೆ ಹೋದವು. ಅಪ್ಪಯ್ಯನ ಹಣೆಯಲ್ಲಿ ಬೆವರು, ತುಟಿಯೆಲ್ಲ ಕೆಂಪು, ಕಣ್ಣಿನಲ್ಲಿ ನೀರು. ತಲೆ ತಿರುಗುತ್ತಿತ್ತೋ ಏನೋ, ಒಂದು ಕೈ ನೆಲಕ್ಕೆ ಊರಿ ಕೂತಿದ್ದರು. ಮಾಷ್ಟ್ರು ಮಾತ್ರ ಗಡಿಬಿಡಿಯಿಲ್ಲದೆ ಹಾಳೆ ನೋಡುತ್ತ ಕೂತಿದ್ದರು.

"ಎಲ್ಲ ಒಂದೇ ಕೋಣೆಯಂಗ್ ಇಪ್ಪುದ್, ಅಲ್ದಾ ಭಾಸ್ಕರ್ರೇ? ನಿಮ್ಗ್ ಗೊತ್ತಾಯ್ತಲೆ?"

"ಹೂಂ, ಹೂಂ" ಎಂದರು ಅಪ್ಪಯ್ಯ, ಬಾಯಿ ತುಂಬ ಎಲೆ.

ಅದು ಅಡುಗೆಮನೆ ಎಂದು ನನಗೂ ಹೊಳೆದಿತ್ತು. ಒಳಗೆ ಹೋಗಿ ಅತ್ತೆಗೆ ಹೇಳಿದರೆ ಅವಳು ನಕ್ಕಳು. ಯಾರೋ ತನಗೆಂದೇ ಅದನ್ನು ಕಟ್ಟಿ ತಂದ ಹಾಗೆ ಅನ್ನಿಸುತ್ತದೆ ಎಂದಳು. ಆಮೇಲೆ ಕೈ ಒರೆಸಿಕೊಂಡು, ಸೀರೆಯ ನೆರಿಗೆ ಸರಿ ಮಾಡಿಕೊಂಡು, ಚಾವಡಿಯ ಬಾಗಿಲಿನ ಹಿಂದೆ ಬಂದು ನಿಂತಳು. ಅಪ್ಪಯ್ಯ ಸಮಯ ಕಂಡು ಹೇಳುತ್ತೇನೆ ಎಂದಿದ್ದರಲ್ಲ, ಆ ಸಮಯ ಬಂತು ಎಂದು ಅವಳಿಗೆ ಅನ್ನಿಸಿರಬೇಕು. ನನ್ನ ಕೈಯಲ್ಲಿ ಹರಿವಾಣ, ಅದರಲ್ಲಿ ಮೇಲಿನ ಎಲೆಯ ಹಿಂಬದಿಗೆ ಕೊನೆಯ ಸುಳಿವಿನ ಉತ್ತರ. "ಕೊನೆಗೆ ಸಿಕ್ಕ ಕೋಲು ಬೆಣ್ಣೆಗೆ ಬೇಕು", ನಾಲ್ಕು ಮನೆ. ನಾನು ಅಪ್ಪಯ್ಯನ ಕಡೆ ಬಗ್ಗುವಷ್ಟರಲ್ಲಿ ಮಾಷ್ಟ್ರು ಕೈ ಚಾಚಿದರು.

"ನಂಗೂ ಒಂದ್ ಎಲಿ ಕೊಡ್ ಮಗಾ. ಬಂದವ್ರಿಗ್ ಕೊಡ್ದೆ ಮನೆಯವ್ರೇ ತಿಂಬುದಾ?"

ಅಯ್ಯೋ ದೇವರೇ! ಬಂದವರಿಗೆ ಹರಿವಾಣ ಮೊದಲು ಹಿಡಿಯಬೇಕು ಎಂಬುದು ನಮ್ಮಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು. ಅಷ್ಟು ಉಪಾಯ ಮಾಡಿದ ಅಜ್ಜಿಗೆ, ಅಪ್ಪಯ್ಯನಿಗೆ, ಪದ ಕಟ್ಟುವ ಅತ್ತೆಗೆ, ಯಾರೊಬ್ಬರಿಗೂ ಅದು ನೆನಪಾಗಿರಲಿಲ್ಲ. ಕೊಡುವುದಿಲ್ಲ ಎನ್ನಲು ಬಾಯಿಲ್ಲ. ಮಾಷ್ಟ್ರು ಮೇಲಿನ ಎಲೆಯನ್ನೇ ತೆಗೆದುಕೊಂಡರು. ಎಲೆ ತಿನ್ನುವವರೆಲ್ಲ ಮಾಡುವ ಹಾಗೆ ಪಂಚೆಗೆ ಒರೆಸಿ, ನಾರು ತೆಗೆಯಲೆಂದು ಮಗುಚಿದರು. ಕನ್ನಡಕ ಹಣೆಗೇರಿಸಿ, ಎಲೆಯನ್ನು ಕಣ್ಣಿನ ಹತ್ತಿರ ತಂದು ಓದಿದರು: ಕಡೆಗೋಲು. ಅಪ್ಪಯ್ಯ ಚಾಪೆಯ ಕಡ್ಡಿ ಎಣಿಸುತ್ತಿದ್ದರು. ಒಳಗೆ ಅಜ್ಜಿ ಉಸಿರು ಎಳೆದುಕೊಂಡದ್ದು ನನಗೆ ಕೇಳಿತು.

ಮಾಷ್ಟ್ರು ಸಿಟ್ಟಾಗಲಿಲ್ಲ, ನಗಲಿಲ್ಲ. ಎಲೆಯನ್ನು ಹಾಳೆಯ ಮೇಲೆ ಇಟ್ಟು, ಅಪ್ಪಯ್ಯನನ್ನು ಬಿಟ್ಟು ನನ್ನ ಕಡೆ ತಿರುಗಿದರು. ಬಾಗಿಲಿನ ಸಂದಿಯಲ್ಲಿ ನೀಲಿ ಸೀರೆಯ ಅಂಚು ಕಾಣುತ್ತಿತ್ತು. ಅದು ಅವರಿಗೂ ಕಂಡಿತ್ತು ಎಂದು ಇವತ್ತು ನನಗೆ ಖಾತ್ರಿ.

"ಹೆದ್ರ್ಬ್ಯಾಡ ಮಗಾ. ನಿಮ್ ಮನೆಯಂಗ್ ಪದಬಂಧ ಕಟ್ಟುದ್ ಯಾರ್?"

ಅಪ್ಪಯ್ಯ ತಲೆ ಎತ್ತಿದರು. ಅವರು ನನ್ನನ್ನು ಬೇಡಿಕೊಂಡರು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಸುಳ್ಳು. ಅವರ ಕಣ್ಣಿನಲ್ಲಿ ಇದ್ದದ್ದು ಸುಸ್ತು. ನಾನು ಅತ್ತೆಯ ಹೆಸರು ಹೇಳಿಬಿಟ್ಟಿದ್ದರೆ ಅವರು ಒಂದು ಉಸಿರು ಬಿಟ್ಟು, ಹೌದು ಎಂದು, ಬಾಯಿ ಮುಕ್ಕಳಿಸಲು ಎದ್ದು ಹೋಗುತ್ತಿದ್ದರೋ ಏನೋ. ನನಗೆ ಆ ಹೊತ್ತಿಗೆ ಅವರ ಮರ್ಯಾದೆಯೂ ಬೇಕಿರಲಿಲ್ಲ, ಅಜ್ಜಿಯ ಆಣೆಯೂ ನೆನಪಿರಲಿಲ್ಲ. ತಲೆಯಲ್ಲಿ ಇದ್ದದ್ದು ಒಂದೇ: ಬ್ರಹ್ಮಾವರದಲ್ಲಿ ಒಂದು ಕೋಣೆ, ಅದರೊಳಗೆ ಅತ್ತೆ, ಅವಳ ಟ್ರಂಕು, ಮತ್ತು ಅಲ್ಲಿ ನಾನಿಲ್ಲ. ಅಮ್ಮ ಹೇಗೂ ಹೊಸ ಮಗುವಿನೊಂದಿಗೆ ಬರುವವಳು. ಅತ್ತೆಯೂ ಹೋದರೆ ನನಗೆ ಯಾರಿದ್ದಾರೆ?

"ಅಪ್ಪಯ್ಯ" ಎಂದೆ.

"ಎಲ್ಲ ಅಪ್ಪಯ್ಯನೇ?"

"ಹೂಂ. ಎಲ್ಲ ಅಪ್ಪಯ್ಯನೇ ಮಾಡೂದ್."

ನೀಲಿ ಅಂಚು ಅಲ್ಲೇ ಇತ್ತು. ಆಮೇಲೆ ಇರಲಿಲ್ಲ.

ಮಾಷ್ಟ್ರು ಊಟಕ್ಕೆ ನಿಲ್ಲಲಿಲ್ಲ. ಕೊಡೆ ತೆಗೆದುಕೊಂಡು ಅಂಗಳಕ್ಕೆ ಇಳಿದವರು ಹಿಂತಿರುಗಿ, ಒಳಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಭಾಸ್ಕರ್ರೇ, ಪ್ರೆಸ್ಸಿನ ಕೆಲ್ಸ ಮಾಡ್ಕಂಡ್ ವಾರ ವಾರ ಪದಬಂಧ ಕಟ್ಟುಕೆ ನಿಮ್ಗ್ ಪುರ್ಸೊತ್ತ್ ಸಿಕ್ಕುದಿಲ್ಲ, ನಂಗ್ ಗೊತ್ತಿತ್ತ್. ಮನೆಯಂಗ್ ಪುರ್ಸೊತ್ತ್ ಇಪ್ಪರ್ ಯಾರಾರೂ ಇದ್ರೆ ನಂಗ್ ಒಂದ್ ಕಾರ್ಡ್ ಹಾಕಿ. ಹೆಸ್ರ್ ಮಾತ್ರ ಬರ್ದ್ರೆ ಸಾಕ್. ಒಂದ್ ತಿಂಗ್ಳ್ ಕಾಯ್ತೆ. ಮನೆಯವ್ರೇ ಹೇಳ್ದಿರೆ ನಾನ್ ಹ್ಯಾಂಗ್ ಹೇಳೂದ್?"

ಅಪ್ಪಯ್ಯ ಗೇಟಿನವರೆಗೆ ಹೋಗಿ ಕೈ ಮುಗಿದು ಬಂದರು. ಬಂದವರೇ ಬಾವಿಕಟ್ಟೆಗೆ ಹೋಗಿ ವಾಂತಿ ಮಾಡಿದರು. ಐದು ಎಲೆಯ ರಸ, ಮತ್ತೇನು. ಅತ್ತೆ ನೀರು ಸೇದಿ ಕೊಟ್ಟಳು, ಬೆನ್ನು ಸವರಿದಳು. ನಾನು ದನದ ಕೊಟ್ಟಿಗೆಯ ಹಿಂದೆ ಅಡಗಿ ಕೂತೆ. ಬೈದಾಳು, ಜಡೆ ಹಿಡಿದು ಎಳೆದಾಳು ಎಂದು ಕಾದೆ. ಹಾಗೆ ಮಾಡಿದ್ದರೆ ಎಷ್ಟೋ ಸಸಾರವಾಗುತ್ತಿತ್ತು. ಅವಳು ಬಂದದ್ದು ಹೊಟ್ಟೆ ಹಸಿದಿಲ್ಲವೇ ಎಂದು ಕೇಳಲಿಕ್ಕೆ. ಸೀರೆ ಬದಲಿಸಿ ಆಗಿತ್ತು. ಒಳಗೆ ಕರೆದೊಯ್ದು ಬಸಳೆ ಗಸಿ ಹಾಕಿ ಅನ್ನ ಕಲಸಿ ಕೊಟ್ಟಳು. ನಾನು ತಟ್ಟೆ ಮುಂದಿಟ್ಟುಕೊಂಡು ಅಳುತ್ತ ಕೂತೆ.

"ಹೆದ್ರ್ಕಂಡ್ಯಾ?"

"ಹೂಂ."

"ನಂಗೂ ಹೆದ್ರಿಕೆ ಆಯ್ತ್ ಹೆಣೆ. ಇಲ್ದಿರೆ ಬಾಗ್ಲ್ ದಾಟಿ ಬಂದ್ ನಾನೇ ಅಂಬುಕ್ ನಾಕೇ ಹೆಜ್ಜಿ ಇದ್ದಿತ್. ನೀನ್ ಸಣ್ಣವ್ಳ್. ನಿನ್ನ ಬಾಯಂಗ್ ಹೇಳ್ಸುಕ್ ಹೋದದ್ದ್ ನಂದೇ ತಪ್ಪ್."

ಅವಳು ತಪ್ಪನ್ನು ಹಾಗೆ ತನ್ನ ತಟ್ಟೆಗೆ ಬಡಿಸಿಕೊಂಡಳು. ನನಗೆ ಅದನ್ನು ಕಸಿದುಕೊಳ್ಳುವ ಧೈರ್ಯ ಬರಲಿಲ್ಲ. ಕೋಣೆಯ ವಿಷಯ, ನೀನು ಹೋಗಿಬಿಡುತ್ತೀ ಎಂಬ ಹೆದರಿಕೆಯ ವಿಷಯ ಹೇಳಲೇ ಇಲ್ಲ. ಮುಂದಿನ ಭಾನುವಾರ ಅಡುಗೆಮನೆಯ ನೆಲ ಖಾಲಿ ಇತ್ತು, ಅಜ್ಜಿ ಕೊಡ ಹಿಡಿದು ಸೀದಾ ನಡೆದು ಬಂದಳು. ಅಪ್ಪಯ್ಯ ಮಧ್ಯಾಹ್ನ ಬಿಳಿ ಕಾಗದ, ಸ್ಕೇಲು ಎಲ್ಲ ತೆಗೆದಿಟ್ಟುಕೊಂಡು ಕೂತು, ಸಂಜೆ ಅವನ್ನೆಲ್ಲ ವಾಪಸು ಇಟ್ಟರು. ಅತ್ತೆಯನ್ನು ಕೇಳಲು ಅವರಿಗೆ ಮುಖ ಇರಲಿಲ್ಲ. ಪ್ರೆಸ್ಸಿನವರು ಕೇಳಿದರೆ ಕಣ್ಣಿನ ತೊಂದರೆ ಎನ್ನುತ್ತಿದ್ದರಂತೆ.

ಗಿರಿಜತ್ತೆ ಎಲ್ಲಿಗೂ ಹೋಗಲಿಲ್ಲ. ನನ್ನ ಮದುವೆಯವರೆಗೂ ನನಗೆ ಜಡೆ ಹಾಕಿದವಳು ಅವಳೇ. ನಾನು ಬೇಕೆಂದದ್ದು ನನಗೆ ಸಿಕ್ಕಿತು ಎನ್ನಬೇಕು. ಈಗ ನನಗೆ ಅವಳ ಆಗಿನ ವಯಸ್ಸಿಗಿಂತ ಹೆಚ್ಚು ವಯಸ್ಸಾಗಿದೆ. ಫೋನಿನಲ್ಲಿ ಬರುವ ಪದಬಂಧವನ್ನು ಬೆಳಿಗ್ಗೆ ಚಾ ಕುಡಿಯುತ್ತ ಬಿಡಿಸುತ್ತೇನೆ. ಆದರೆ ಯಾರಾದರೂ ಎದುರಿಗೆ ನಿಂತು ಸೀದಾ ಒಂದು ಪ್ರಶ್ನೆ ಕೇಳಿದರೆ ಇವತ್ತಿಗೂ ಮೊದಲು ನನ್ನ ಕಣ್ಣು ಬಾಗಿಲಿನ ಸಂದಿಗೆ ಹೋಗುತ್ತದೆ, ಉತ್ತರ ಆಮೇಲೆ.

ಮಾಷ್ಟ್ರು ಕೊಟ್ಟ ಆ ಒಂದು ತಿಂಗಳನ್ನು ನಾನು ದಿನ ಎಣಿಸಿ ಕಳೆದೆ. ಅಪ್ಪಯ್ಯ ನಾಳೆ ಬರೆಯುತ್ತೇನೆ ಎಂದು ಒಂದು ಸಲ ಹೇಳಿದರು, ಬರೆಯಲಿಲ್ಲ. ಅತ್ತೆ, ಅಣ್ಣಯ್ಯನೇ ಬರೆಯಬೇಕು, ತಾನಾಗಿ ಬರೆದುಕೊಂಡರೆ ಚಂದವಲ್ಲ ಎಂದು ಕಾದಳು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಕಾರ್ಡುಗಳು ಚಾವಡಿಯ ಗೂಡಿನಲ್ಲೇ ಇದ್ದವು, ನನ್ನ ಕೈಗೆಟುಕುವಷ್ಟು ಎತ್ತರದಲ್ಲಿ. ಮಾಷ್ಟ್ರ ವಿಳಾಸ ನನಗೆ ಬಾಯಿಪಾಠವಾಗಿತ್ತು. ಅಂಚೆ ಡಬ್ಬಿ ಶಾಲೆಯ ದಾರಿಯಲ್ಲೇ ಇತ್ತು. ಮತ್ತು ನನಗೆ ಬರೆಯಲು ಬರುತ್ತಿತ್ತು.